ಆಟದ ನಡುವೆ ಕಣ್ಮುಚ್ಚುವ ಕಂಪ್ಯೂಟರ್

ಭಾನುವಾರ ಮಧ್ಯಾಹ್ನ ಮೂರು ಗಂಟೆ. ಏಪ್ರಿಲ್ ತಿಂಗಳ ಬಿಸಿಲು. ಊಟ ಮುಗಿಸಿದ ಹುಡುಗ ಕಂಪ್ಯೂಟರಿನ ಮುಂದೆ ಕುಳಿತು ಅರ್ಧ ಗಂಟೆಯಾಗಿದೆ. ಪರದೆಯ ಮೇಲೆ ಕಾರುಗಳ ಓಟ ಕೊನೆಯ ಸುತ್ತಿಗೆ ಬಂದಿದೆ. ಇದ್ದಕ್ಕಿದ್ದಂತೆ ಪರದೆ ಕಪ್ಪಾಗುತ್ತದೆ. ಫ್ಯಾನಿನ ಸದ್ದು ಒಂದು ಕ್ಷಣ ನಿಲ್ಲುತ್ತದೆ. ಮರುಕ್ಷಣವೇ ಗರ್ರೆಂದು ಹೊರಟು, ಏನೂ ಆಗಿಲ್ಲವೆಂಬಂತೆ ಯಂತ್ರ ಮೊದಲಿನಿಂದ ಶುರುವಾಗುತ್ತದೆ.

"ಮತ್ತೆ ಆಫ್ ಆಯ್ತೇನೋ?" ಒಳಕೋಣೆಯಿಂದ ತಂದೆಯ ದನಿ.

"ತಾನಾಗೇ ಆಯ್ತಪ್ಪ, ನಾನೇನೂ ಮಾಡ್ಲಿಲ್ಲ."

"ಆಟ ಆಡಿ ಆಡಿ ಹಾಳು ಮಾಡಿಟ್ಟೆ. ನಾಳೆಯಿಂದ ಆ ಗೇಮು ಬಂದ್."

"ಅಪ್ಪ, ನನ್ನ ಪ್ರಾಜೆಕ್ಟ್ ರಿಪೋರ್ಟ್ ಕೂಡ ಅದರಲ್ಲೇ ಇದೆ," ಎನ್ನುತ್ತಾಳೆ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ಅಕ್ಕ. ನಲವತ್ತು ಪುಟದ ವರದಿ. ಒಪ್ಪಿಸಲು ಉಳಿದಿರುವುದು ಹದಿನೈದು ದಿನ.

ಊರು ಬೇರೆ, ಮನೆ ಬೇರೆ. ಆದರೆ ಕಂಪ್ಯೂಟರ್ ಇರುವ ಎಷ್ಟೋ ಮನೆಗಳಲ್ಲಿ ನಡೆಯುವ ಮಾತುಕತೆ ಇದು. ತಂದೆಗೆ ಆಟದ ಮೇಲೆ ಅನುಮಾನ, ಮಗನಿಗೆ ಯಂತ್ರದ ಮೇಲೆ ಅನುಮಾನ, ಅಕ್ಕನಿಗೆ ಇಬ್ಬರ ಮೇಲೂ. ಅಂಗಡಿಗೆ ಹೊತ್ತೊಯ್ದರೆ "ಮದರ್‌ಬೋರ್ಡ್ ಹೋಗಿರಬೇಕು ಸಾರ್, ಬದಲಾಯಿಸಿ ನೋಡೋಣ" ಎಂಬ ಉತ್ತರ ಸಿಕ್ಕರೂ ಸಿಕ್ಕೀತು. ರೋಗ ಗೊತ್ತಿಲ್ಲದೆ ಅಂಗವನ್ನೇ ಬದಲಾಯಿಸಿ ನೋಡುವ ಈ ವೈದ್ಯ ದುಬಾರಿಯದು. ಅದಕ್ಕೆ ಮೊದಲು ಮನೆಯಲ್ಲೇ, ಬಹುಪಾಲು ಖರ್ಚಿಲ್ಲದೆ, ಮಾಡಬಹುದಾದ ತಪಾಸಣೆ ಬೇಕಾದಷ್ಟಿದೆ.

ಆಟವೇ ಅಪರಾಧಿಯೇ?

ಪತ್ರ ಟೈಪ್ ಮಾಡುವಾಗ, ಲೆಕ್ಕದ ಹಾಳೆ ತುಂಬುವಾಗ ಕಂಪ್ಯೂಟರ್ ಹೆಚ್ಚು ಹೊತ್ತು ಕೈಕಟ್ಟಿ ಕೂತಿರುತ್ತದೆ. ಒಂದು ಅಕ್ಷರ ಒತ್ತಿ ಇನ್ನೊಂದನ್ನು ಒತ್ತುವುದರೊಳಗೆ ಅದರ ಲೆಕ್ಕದಲ್ಲಿ ಒಂದು ಯುಗವೇ ಕಳೆದಿರುತ್ತದೆ. ಆಟದ ವಿಷಯ ಹಾಗಲ್ಲ. 1920ಕ್ಕೆ 1080 ಚುಕ್ಕೆಗಳ ಸಾಮಾನ್ಯ ಪರದೆಯಲ್ಲಿ ಒಂದು ಚಿತ್ರವೆಂದರೆ 20 ಲಕ್ಷಕ್ಕೂ ಹೆಚ್ಚು ಚುಕ್ಕೆ. ಅಂಥ ಚಿತ್ರಗಳನ್ನು ಸೆಕೆಂಡಿಗೆ 60ರಂತೆ ಹೊಸದಾಗಿ ಬರೆಯುತ್ತಲೇ ಇರಬೇಕು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ರ್ಯಾಮ್ ಎಲ್ಲವೂ ಒಟ್ಟಿಗೆ ಬೆವರು ಸುರಿಸಿ ದುಡಿಯುವ ಹೊತ್ತು ಅದು. ಎನ್ವಿಡಿಯಾ ಕಂಪನಿ 2020ರಲ್ಲಿ ಹೊರತಂದ ಆರ್‌ಟಿಎಕ್ಸ್ 3090 ಎಂಬ ಗ್ರಾಫಿಕ್ಸ್ ಕಾರ್ಡ್ ಒಂದೇ 350 ವಾಟ್ ಎಳೆಯುತ್ತದೆ. 75 ವಾಟಿನ ಸೀಲಿಂಗ್ ಫ್ಯಾನುಗಳಾದರೆ ನಾಲ್ಕು ಫ್ಯಾನಿಗೂ ಮಿಕ್ಕಿದ ವಿದ್ಯುತ್ತು.

ಸಪಾಟು ರಸ್ತೆಯಲ್ಲಿ ಸುಸೂತ್ರವಾಗಿ ಓಡುವ ಹಳೆಯ ಸ್ಕೂಟರು ಇಬ್ಬರನ್ನು ಹೊತ್ತು ಚಾರ್ಮಾಡಿ ಘಾಟಿ ಹತ್ತುವಾಗ ನಿಂತುಹೋದರೆ ತಪ್ಪು ಘಾಟಿಯದಲ್ಲ. ಕ್ಲಚ್ ಮೊದಲೇ ಸವೆದಿತ್ತು. ಘಾಟಿ ಅದನ್ನು ತೋರಿಸಿಕೊಟ್ಟಿತು ಅಷ್ಟೆ. ಆಟವೂ ಹಾಗೆಯೇ. ಕಂಪ್ಯೂಟರಿನಲ್ಲಿ ಅಡಗಿ ಕೂತ ದೌರ್ಬಲ್ಯವನ್ನು ಅದು ಹೊರಗೆ ಎಳೆದು ತರುತ್ತದೆ.

ಇದಕ್ಕೆ ಜಗಜ್ಜಾಹೀರಾದ ಒಂದು ಉದಾಹರಣೆ ಇದೆ. 2021ರ ಜುಲೈಯಲ್ಲಿ ಅಮೆಜಾನ್ ಕಂಪನಿಯ 'ನ್ಯೂ ವರ್ಲ್ಡ್' ಎಂಬ ಆಟವನ್ನು ಪರೀಕ್ಷೆಗಾಗಿ ಕೆಲವರಿಗೆ ಬಿಟ್ಟಾಗ, ಆಡುತ್ತಿದ್ದ ಹಲವರ ದುಬಾರಿ ಗ್ರಾಫಿಕ್ಸ್ ಕಾರ್ಡುಗಳು ಸತ್ತುಹೋದವು. ಆಟವೇ ಕಾರ್ಡು ಸುಟ್ಟಿತೆಂದು ಗುಲ್ಲೆದ್ದಿತು. ಇವಿಜಿಎ ಎಂಬ ತಯಾರಕ ಕಂಪನಿ ಹಿಂತಿರುಗಿ ಬಂದ ತನ್ನ ಕಾರ್ಡುಗಳನ್ನು ಎಕ್ಸ್‌ರೇ ಹಿಡಿದು ನೋಡಿದಾಗ, ವಿದ್ಯುತ್ ಪೂರೈಸುವ ಬಿಡಿಭಾಗಗಳ ಸುತ್ತ ಬೆಸುಗೆ ಸರಿಯಾಗಿರಲಿಲ್ಲವೆಂಬುದು ಕಂಡಿತು. ಆಟದ ಕಡೆಯಿಂದಲೂ ಒಂದು ಅತಿರೇಕ ಇತ್ತು. ಆಟ ಶುರುವಾಗುವ ಮೊದಲಿನ ಮೆನು ಪರದೆಯಲ್ಲಿ ಸೆಕೆಂಡಿಗೆ ಇಷ್ಟೇ ಚಿತ್ರ ಬರೆಯಬೇಕೆಂಬ ಮಿತಿ ಇರಲಿಲ್ಲ; ಕಾರ್ಡು ಬರೆಯಬಲ್ಲಷ್ಟನ್ನೂ ಬರೆಯುತ್ತಿತ್ತು. ಅಮೆಜಾನ್ ಆ ಮಿತಿಯನ್ನು ಆಮೇಲೆ ಸೇರಿಸಿತು. ಗಟ್ಟಿ ಬೆಸುಗೆಯ ಕಾರ್ಡುಗಳು ಆ ಹೊರೆಯನ್ನು ತಾಳಿಕೊಂಡಿದ್ದವು; ಹುಸಿ ಬೆಸುಗೆಯವು ತಾಳಲಿಲ್ಲ.

ಹಾಗಾಗಿ ಆಟ ನಿಲ್ಲಿಸಿದರೆ ರೋಗ ವಾಸಿಯಾಗುವುದಿಲ್ಲ, ಮರೆಯಾಗುತ್ತದೆ. ಅಕ್ಕ ತನ್ನ ಪ್ರಾಜೆಕ್ಟಿಗಾಗಿ ಮೂರು ಆಯಾಮದ ಚಿತ್ರವನ್ನೋ ವಿಡಿಯೋವನ್ನೋ ಸಿದ್ಧಪಡಿಸಲು ಕುಳಿತ ದಿನ ಅದೇ ಯಂತ್ರ ಅದೇ ರೀತಿ ಕಣ್ಮುಚ್ಚುತ್ತದೆ.

ಮೊದಲು ವರದಿ, ಆಮೇಲೆ ರಿಪೇರಿ

ತಪಾಸಣೆಗೆ ಇಳಿಯುವ ಮೊದಲು ಮಾಡಬೇಕಾದ ಕೆಲಸ ಒಂದೇ. ಕಳೆದುಕೊಳ್ಳಬಾರದ ಕಡತಗಳನ್ನೆಲ್ಲ ಪೆನ್ ಡ್ರೈವಿಗೋ ಗೂಗಲ್ ಡ್ರೈವಿನಂಥ ಜಾಗಕ್ಕೋ ನಕಲು ಮಾಡಿಡುವುದು. ಡಿಸ್ಕಿಗೆ ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ತೆರೆದಿದ್ದ ಕಡತ ಅರ್ಧಂಬರ್ಧವಾಗುವ ಅಪಾಯ ಉಂಟು. ಇದೇ ಯಂತ್ರ ಹತ್ತು ಸಲ ಹೀಗೆ ಬಿದ್ದೆದ್ದರೆ ವಿಂಡೋಸಿನ ಕಡತಗಳೂ ಕೆಡಬಹುದು. ಹೊಸ ಪ್ರೊಸೆಸರನ್ನು ದುಡ್ಡು ಕೊಟ್ಟು ತರಬಹುದು. ನಲವತ್ತು ಪುಟದ ವರದಿಯನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ನಿಂತ ಬಗೆ ಯಾವುದು?

ಹೊಟ್ಟೆನೋವೆಂದು ಬಂದವರನ್ನು ವೈದ್ಯರು "ಎಲ್ಲಿ ನೋವು, ಯಾವಾಗಿನಿಂದ, ಊಟಕ್ಕೆ ಮುಂಚೆಯೋ ಆಮೇಲೋ" ಎಂದು ಕೇಳುತ್ತಾರೆ. ಕಂಪ್ಯೂಟರಿಗೂ ಅದೇ ಕ್ರಮ. ಆಟದ ನಡುವೆ ಯಂತ್ರ ಕೈಕೊಡುವ ರೀತಿಯಲ್ಲಿ ಮುಖ್ಯವಾಗಿ ಮೂರು ಬಗೆ.

ಒಂದು, ಆಟ ಮಾತ್ರ ಮುಚ್ಚಿಕೊಂಡು ವಿಂಡೋಸಿನ ಪರದೆ ಹಾಗೇ ಉಳಿಯುವುದು. ಇಲ್ಲಿ ಮೊದಲ ಅನುಮಾನ ಆಟದ ಕಡತಗಳ ಮೇಲೆ, ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ತಂತ್ರಾಂಶದ ಮೇಲೆ.

ಎರಡು, ಬಣ್ಣದ ಪರದೆಯೊಂದು ಬಂದು "ತೊಂದರೆಯಾಗಿದೆ" ಎಂದು ಇಂಗ್ಲಿಷಿನಲ್ಲಿ ಹೇಳಿ, ಒಂದು ಸಂಕೇತ ತೋರಿಸಿ, ಯಂತ್ರ ಮತ್ತೆ ಶುರುವಾಗುವುದು. ದಶಕಗಳ ಕಾಲ ನೀಲಿಯಾಗಿದ್ದು ಕುಖ್ಯಾತವಾದ ಈ ಪರದೆಯನ್ನು ಮೈಕ್ರೋಸಾಫ್ಟ್ 2025ರಲ್ಲಿ ವಿಂಡೋಸ್ 11ರಲ್ಲಿ ಕಪ್ಪು ಮಾಡಿತು. ಬಣ್ಣ ಯಾವುದೇ ಇರಲಿ, ಅದು ಬಂದರೆ ಒಂದು ರೀತಿಯಲ್ಲಿ ಒಳ್ಳೆಯದೇ. ವಿಂಡೋಸಿಗೆ ತಪ್ಪು ತಿಳಿದಿದೆ, ಸಾಯುವ ಮುನ್ನ ಹೇಳಿಕೆ ಕೊಟ್ಟಿದೆ ಎಂದರ್ಥ. ಡ್ರೈವರ್, ರ್ಯಾಮ್, ಕೆಲವೊಮ್ಮೆ ಪ್ರೊಸೆಸರ್ ಇಲ್ಲಿನ ಶಂಕಿತರು.

ಮೂರು, ಯಾವ ಹೇಳಿಕೆಯೂ ಇಲ್ಲದೆ ಸ್ವಿಚ್ ಆರಿಸಿದಂತೆ ಕಪ್ಪಾಗಿ ಮತ್ತೆ ಶುರುವಾಗುವುದು, ಇಲ್ಲವೇ ಪೂರ್ತಿ ಆರಿಹೋಗುವುದು. ಬರೆಯಲು ವಿಂಡೋಸಿಗೆ ಸಮಯವೇ ಸಿಕ್ಕಿಲ್ಲ. ಇಂಥಲ್ಲಿ ಮೊದಲು ನೋಡಬೇಕಾದವು ಎರಡು: ಕಾವು ಮತ್ತು ಕರೆಂಟು.

ಎರಡನೆಯ ಬಗೆಯೋ ಮೂರನೆಯದೋ ಎಂಬ ಗೊಂದಲವಾದರೆ ಒಂದು ಉಪಾಯ ಇದೆ. ವಿಂಡೋಸಿನ 'ಅಡ್ವಾನ್ಸ್‌ಡ್ ಸಿಸ್ಟಮ್ ಸೆಟಿಂಗ್ಸ್' ಒಳಗೆ 'ಸ್ಟಾರ್ಟಪ್ ಅಂಡ್ ರಿಕವರಿ' ಎಂಬಲ್ಲಿ 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಎದುರಿನ ಗುರುತನ್ನು ತೆಗೆದುಬಿಡಬೇಕು. ಆಗ ದೋಷದ ಪರದೆ ಬಂದರೆ ಅಲ್ಲೇ ನಿಲ್ಲುತ್ತದೆ, ಸಂಕೇತವನ್ನು ಬರೆದುಕೊಳ್ಳಬಹುದು. ಗುರುತು ತೆಗೆದ ಮೇಲೂ ಪರದೆ ಬಾರದೆ ಯಂತ್ರ ಮರುಶುರುವಾದರೆ ಅದು ಮೂರನೆಯ ಬಗೆಯೇ ಇರುವ ಸಂಭವ ಹೆಚ್ಚು.

ವಿಂಡೋಸಿನಲ್ಲಿ 'ಇವೆಂಟ್ ವ್ಯೂವರ್' ಎಂಬ ದಿನಚರಿ ಪುಸ್ತಕವೂ ಇದೆ. ಅದನ್ನು ತೆರೆದವರಿಗೆ 'ಕರ್ನಲ್ ಪವರ್ 41' ಎಂಬ ಸಾಲು ಕಾಣುತ್ತದೆ. ಹೆಸರಿನಲ್ಲಿ ಪವರ್ ಎಂದಿರುವುದರಿಂದ ಎಸ್‌ಎಂಪಿಎಸ್ ಕೆಟ್ಟಿದೆ ಎಂದು ಓಡಿಹೋಗಿ ಹೊಸದನ್ನು ಕೊಳ್ಳುವವರಿದ್ದಾರೆ. ಆ ಸಾಲಿನ ಅರ್ಥ "ಕಳೆದ ಸಲ ಯಂತ್ರ ಕ್ರಮವಾಗಿ ಮುಚ್ಚಲಿಲ್ಲ" ಎಂದಷ್ಟೇ. ಏಕೆ ಎಂದು ಅದು ಹೇಳುವುದಿಲ್ಲ. ಅದರ ಆಸುಪಾಸಿನಲ್ಲಿ 'ಡಬ್ಲ್ಯುಎಚ್‌ಇಎ ಲಾಗರ್' ಎಂಬ ಸಾಲು ಇದ್ದರೆ ಮಾತ್ರ ಗಮನವಿಟ್ಟು ಓದಬೇಕು. ಯಂತ್ರಾಂಶವೇ ತನ್ನ ದೋಷವನ್ನು ಕಂಡುಕೊಂಡು ವರದಿ ಮಾಡಿದ ಗುರುತು ಅದು.

ಎರಡು ರೂಪಾಯಿಯ ಸಾಕ್ಷಿ

ಎಲ್ಲಕ್ಕಿಂತ ಒಳ್ಳೆಯ ಉಪಕರಣ ಒಂದು ಹಳೆಯ ನೋಟ್‌ಬುಕ್ಕು, ಒಂದು ಪೆನ್ಸಿಲ್ಲು. ಪ್ರತಿ ಸಲ ಯಂತ್ರ ನಿಂತಾಗ ದಿನಾಂಕ, ಗಂಟೆ, ಯಾವ ಆಟ, ಶುರುವಾಗಿ ಎಷ್ಟು ನಿಮಿಷವಾಗಿತ್ತು, ಕೋಣೆಯ ಸೆಕೆ ಹೇಗಿತ್ತು, ಆ ಹೊತ್ತಿಗೆ ಕರೆಂಟು ಹೋಗಿ ಬಂದಿತೇ, ಪರದೆಯಲ್ಲಿ ಏನು ಬಂತು ಎಂಬಿಷ್ಟನ್ನು ಬರೆಯಬೇಕು. ಐದಾರು ಸಲ ಬರೆದ ಮೇಲೆ ಪುಟವೇ ಮಾತಾಡುತ್ತದೆ.

ಮೊದಲು ಹೇಳಿದ ಮನೆಯಲ್ಲೂ ಹುಡುಗ ಹೀಗೆ ಬರೆದಿಟ್ಟನೆಂದುಕೊಳ್ಳಬಹುದು. ವಾರದಲ್ಲಿ ಒಂಬತ್ತು ಸಲ ಯಂತ್ರ ನಿಂತಿದೆ. ಏಳು ಸಲ ಮಧ್ಯಾಹ್ನ ಅಥವಾ ಸಂಜೆ, ಆಟ ಶುರುವಾಗಿ 25ರಿಂದ 30 ನಿಮಿಷಕ್ಕೆ. ಬೆಳಗಿನ ಜಾವ ಆಡಿದಾಗ ಒಮ್ಮೆಯೂ ಇಲ್ಲ. ಉಳಿದ ಎರಡು ಸಲ ಮಾತ್ರ ಲೆಕ್ಕಕ್ಕೆ ಹೊಂದುವುದಿಲ್ಲ. ಒಂದು ರಾತ್ರಿ ಎಂಟಕ್ಕೆ ಆಟ ಶುರುವಾಗಿ ಐದೇ ನಿಮಿಷಕ್ಕೆ, ಇನ್ನೊಂದು ಬೆಳಿಗ್ಗೆ ಹತ್ತಕ್ಕೆ. ಎರಡರ ಮುಂದೆಯೂ "ಕರೆಂಟು ಹೋಯಿತು, ಇನ್ವರ್ಟರ್ ಬಂತು" ಎಂದು ಬರೆದಿದೆ. ಒಂದೇ ರೋಗವೆಂದು ತಿಳಿದದ್ದು ಎರಡು ರೋಗ.

ಕಾವಿನ ಕಥೆ

ನಿಮಿಷಗಳ ಲೆಕ್ಕ ಹಿಡಿದು ಬರುವ ರೋಗ ಸಾಮಾನ್ಯವಾಗಿ ಕಾವಿನದು. ಪ್ರೊಸೆಸರಿನ ಮೇಲೆ ಲೋಹದ ರೆಕ್ಕೆಗಳ ಹೀಟ್ ಸಿಂಕ್, ಅದರ ಮೇಲೊಂದು ಫ್ಯಾನ್. ಆ ರೆಕ್ಕೆಗಳ ಸಂದಿಯಲ್ಲಿ ಧೂಳು ಕಂಬಳಿಯಂತೆ ಕೂತರೆ ಫ್ಯಾನ್ ತಿರುಗಿದರೂ ಗಾಳಿ ಹಾಯುವುದಿಲ್ಲ. ಹೊರೆ ಕಡಿಮೆಯಿದ್ದಾಗ ನಡೆಯುತ್ತದೆ. ಆಟ ಶುರುವಾದ ಮೇಲೆ ಕಾವು ನಿಧಾನವಾಗಿ ತುಂಬಿಕೊಳ್ಳುತ್ತಾ ಹೋಗಿ ಅರ್ಧ ಗಂಟೆಗೆ ಅಂಚು ಮುಟ್ಟುತ್ತದೆ.

ಆ ಅಂಚು ಎಷ್ಟು? ಅನೇಕ ಇಂಟೆಲ್ ಪ್ರೊಸೆಸರುಗಳಿಗೆ 100 ಡಿಗ್ರಿ ಸೆಲ್ಸಿಯಸ್, ಎಎಂಡಿಯ ರೈಜೆನ್ 7000 ಸಾಲಿನವಕ್ಕೆ 95. ಅಂಚಿಗೆ ಬಂದ ಪ್ರೊಸೆಸರ್ ಮೊದಲು ತನ್ನ ವೇಗವನ್ನು ತಾನೇ ತಗ್ಗಿಸುತ್ತದೆ. ಆಟ ಎಳೆದೆಳೆದು ಸಾಗುತ್ತದೆ. ಅಷ್ಟಾದರೂ ಕಾವು ಇಳಿಯದಿದ್ದರೆ ಸುಟ್ಟುಹೋಗದಿರಲೆಂದು ಯಂತ್ರ ಒಮ್ಮೆಲೇ ಆರುತ್ತದೆ. ಅಂದರೆ ಈ ಆರುವಿಕೆ ರೋಗವಲ್ಲ, ರಕ್ಷಣೆ.

ಬೇಸಿಗೆಯಲ್ಲಿ ಈ ದೂರು ಏಕೆ ಹೆಚ್ಚು ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಫ್ಯಾನ್ ಬೀಸುವುದು ಕೋಣೆಯ ಗಾಳಿಯನ್ನೇ. ಕೋಣೆ 25 ಡಿಗ್ರಿಯಿಂದ 38ಕ್ಕೆ ಏರಿದರೆ ಅದೇ ಹೊರೆಯಲ್ಲಿ ಚಿಪ್ಪಿನ ಕಾವೂ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಏರುತ್ತದೆ. ಡಿಸೆಂಬರಿನಲ್ಲಿ 85ಕ್ಕೆ ನಿಂತಿದ್ದದ್ದು ಏಪ್ರಿಲ್‌ನಲ್ಲಿ 98. ಪಾರಾ 40 ದಾಟುವ ರಾಯಚೂರು, ಕಲಬುರಗಿಯ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾವನ್ನು ಅಳೆಯಲು ಎಚ್‌ಡಬ್ಲ್ಯುಇನ್ಫೊ, ಕೋರ್ ಟೆಂಪ್‌ನಂಥ ಉಚಿತ ತಂತ್ರಾಂಶಗಳಿವೆ. ಗ್ರಾಫಿಕ್ಸ್ ಕಾರ್ಡಿನ ಕಾವನ್ನು ವಿಂಡೋಸಿನ ಟಾಸ್ಕ್ ಮ್ಯಾನೇಜರೇ ಬಹುಪಾಲು ತೋರಿಸುತ್ತದೆ. ಆಟ ನಡೆಯುತ್ತಿರುವಾಗ ಹತ್ತು ಹತ್ತು ನಿಮಿಷಕ್ಕೊಮ್ಮೆ ನೋಡಿ ನೋಟ್‌ಬುಕ್ಕಿನಲ್ಲಿ ಬರೆದರೆ ಸಾಕು.

ಶುಚಿಗೊಳಿಸುವಾಗ ಕೆಲವು ಎಚ್ಚರ ಬೇಕು. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನೊಮ್ಮೆ ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ಒದ್ದೆ ಬಟ್ಟೆ ಬೇಡ. ಮೃದುವಾದ ಬ್ರಷ್ಷು, ಗಾಳಿಯ ಬ್ಲೋವರ್ ಸಾಕು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದಿರಬೇಕು. ಗಾಳಿಯ ರಭಸಕ್ಕೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಕೆಡುತ್ತದೆ. ಧೂಳು ತೆಗೆದ ಮೇಲೂ ಕಾವು ಇಳಿಯದಿದ್ದರೆ ಪ್ರೊಸೆಸರಿಗೂ ಹೀಟ್ ಸಿಂಕಿಗೂ ನಡುವಿನ ಥರ್ಮಲ್ ಪೇಸ್ಟ್ ಒಣಗಿರಬಹುದು. ಕೈ ಪಳಗದವರು ಅದನ್ನು ಅಂಗಡಿಯಲ್ಲೇ ಬದಲಾಯಿಸಿಸುವುದು ಲೇಸು. ಲ್ಯಾಪ್‌ಟಾಪ್ ಆದರೆ ಮೊದಲ ಮದ್ದು ಇನ್ನೂ ಸುಲಭ: ಹಾಸಿಗೆಯ ಮೇಲಿಂದ ಎತ್ತಿ ಮೇಜಿನ ಮೇಲಿಡುವುದು. ಗಾಳಿ ಒಳಹೋಗುವ ಕಿಂಡಿ ಸಾಮಾನ್ಯವಾಗಿ ಅದರ ಹೊಟ್ಟೆಯ ಕೆಳಗಿರುತ್ತದೆ. ಹಾಸಿಗೆ ಅದನ್ನು ಮುಚ್ಚಿಬಿಡುತ್ತದೆ.

ಕರೆಂಟಿನ ಕಥೆ

ಕಾವು ಸರಿಯಿದ್ದೂ ಹೊರೆ ಏರಿದ ಕೂಡಲೇ ಯಂತ್ರ ಆರಿದರೆ ಅನುಮಾನ ಎಸ್‌ಎಂಪಿಎಸ್ ಮೇಲೆ ಹೋಗಬೇಕು. ಗೋಡೆಯ 230 ವೋಲ್ಟನ್ನು ಒಳಗಿನ ಭಾಗಗಳಿಗೆ ಬೇಕಾದ 12, 5, 3.3 ವೋಲ್ಟಿಗೆ ಇಳಿಸಿ ಕೊಡುವ ಪೆಟ್ಟಿಗೆ ಅದು. ಹೊಸ ಗ್ರಾಫಿಕ್ಸ್ ಕಾರ್ಡಿಗೆ ಸಾವಿರಾರು ರೂಪಾಯಿ ಸುರಿದು, ಐದು ವರ್ಷದ ಹಿಂದಿನ ಹೆಸರಿಲ್ಲದ ಎಸ್‌ಎಂಪಿಎಸ್ಸಿಗೇ ಅದನ್ನು ಸಿಕ್ಕಿಸುವುದು ಸಾಮಾನ್ಯ ತಪ್ಪು. ಮದರ್‌ಬೋರ್ಡಿನ ಸ್ಲಾಟಿನಿಂದ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವಾಟ್. ಮಿಕ್ಕಿದ್ದು ಪ್ರತ್ಯೇಕ ತಂತಿಯಲ್ಲಿ ಬರಬೇಕು, ಎಂಟು ಪಿನ್ನಿನ ತಂತಿಗೆ 150 ವಾಟಿನ ಲೆಕ್ಕ. ಇದಲ್ಲದೆ ಹೊಸ ಕಾರ್ಡುಗಳು ಕಣ್ಣೆವೆ ಇಕ್ಕುವುದಕ್ಕಿಂತ ಚಿಕ್ಕ ಕ್ಷಣಗಳಲ್ಲಿ ತಮ್ಮ ಸರಾಸರಿಗಿಂತ ಬಹಳ ಹೆಚ್ಚು ವಿದ್ಯುತ್ತನ್ನು ಒಮ್ಮೆಲೇ ಎಳೆಯುತ್ತವೆ. ಆಗ ದುರ್ಬಲ ಎಸ್‌ಎಂಪಿಎಸ್ "ಇದು ಶಾರ್ಟ್ ಸರ್ಕ್ಯೂಟ್ ಇರಬೇಕು" ಎಂದು ತಿಳಿದು ಬಾಗಿಲು ಹಾಕಿಕೊಳ್ಳುತ್ತದೆ. ಈ ಕಾಟಕ್ಕೆಂದೇ 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮದಲ್ಲಿ, ದೊಡ್ಡ ಎಸ್‌ಎಂಪಿಎಸ್‌ಗಳು ಅತ್ಯಲ್ಪ ಕ್ಷಣದ ಮಟ್ಟಿಗೆ ತಮ್ಮ ಶಕ್ತಿಯ ದುಪ್ಪಟ್ಟು ಹೊರೆಯನ್ನು ತಾಳಬೇಕೆಂದು ಸೇರಿಸಲಾಯಿತು.

ಇದನ್ನು ಖರ್ಚಿಲ್ಲದೆ ಪರೀಕ್ಷಿಸುವ ದಾರಿ ಆಟದ ಸೆಟಿಂಗಿನಲ್ಲೇ ಇದೆ. ಚಿತ್ರಗಳ ವೇಗವನ್ನು ಸೆಕೆಂಡಿಗೆ 60ಕ್ಕೆ, ಬೇಕಾದರೆ 30ಕ್ಕೆ ಮಿತಿಗೊಳಿಸಿ ಎರಡು ದಿನ ಆಡಿ ನೋಡುವುದು. 60 ಹರ್ಟ್ಸಿನ ಮಾನಿಟರು ಸೆಕೆಂಡಿಗೆ 60ಕ್ಕಿಂತ ಹೆಚ್ಚು ಚಿತ್ರ ತೋರಿಸಲಾರದು. ಕಾರ್ಡು ಬರೆಯುವ ಉಳಿದದ್ದೆಲ್ಲ ವ್ಯರ್ಥ ದುಡಿತ. ಮಿತಿ ಹಾಕಿದ ಮೇಲೆ ತೊಂದರೆ ನಿಂತರೆ ರೋಗ ಹೊರೆಗೆ ಸಂಬಂಧಿಸಿದ್ದು, ಅಂದರೆ ಕಾವು ಅಥವಾ ಎಸ್‌ಎಂಪಿಎಸ್, ಎಂದು ಖಚಿತವಾಗುತ್ತಾ ಬರುತ್ತದೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಯಾರೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲ್ಪಟ್ಟ ವಿದ್ಯುತ್ತು ಉಳಿದಿರಬಹುದು. ಅದು ಪ್ರಾಣಾಪಾಯದ ಮಾತು.

ಇನ್ನು ಇನ್ವರ್ಟರಿನ ಒಗಟು. ಕರೆಂಟು ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವ ನಡುವಿನ ಕ್ಷಣದಲ್ಲಿ ಎಸ್‌ಎಂಪಿಎಸ್ ತನ್ನೊಳಗಿನ ಕೆಪಾಸಿಟರಿನ ಉಳಿತಾಯದಿಂದ ಯಂತ್ರವನ್ನು ನಡೆಸುತ್ತದೆ. ಹೊರೆ ಪೂರ್ತಿಯಿದ್ದಾಗ ಆ ಉಳಿತಾಯ ಸಾಲುವುದು ಸುಮಾರು 12ರಿಂದ 17 ಮಿಲಿಸೆಕೆಂಡಿಗೆ. ಪತ್ರ ಟೈಪ್ ಮಾಡುವಾಗ ಖರ್ಚು ಕಡಿಮೆ, ಉಳಿತಾಯ ಹೆಚ್ಚು ಹೊತ್ತು ಬರುತ್ತದೆ, ಯಂತ್ರ ಪಾರಾಗುತ್ತದೆ. ಆಟದ ನಡುವೆ ಅದು ಬೇಗ ಬರಿದಾಗಿ ಯಂತ್ರ ಬೀಳುತ್ತದೆ. "ಬೇರೆ ಹೊತ್ತಿನಲ್ಲಿ ಕರೆಂಟು ಹೋದರೆ ಏನೂ ಆಗುವುದಿಲ್ಲ, ಗೇಮ್ ಆಡುವಾಗ ಮಾತ್ರ ಆಫ್ ಆಗುತ್ತೆ" ಎಂಬ ದೂರಿನ ಗುಟ್ಟು ಇದು. ಹಲವು ಇನ್ವರ್ಟರುಗಳಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ. ಅದನ್ನು ಹಾಕಿದರೆ ಬದಲಾವಣೆ ಬೇಗ ಆಗುತ್ತದೆ. ಇಲ್ಲದಿದ್ದರೆ ಕಂಪ್ಯೂಟರಿಗೆಂದೇ ತಕ್ಕ ಶಕ್ತಿಯ ಯುಪಿಎಸ್ ಬೇಕು. ಸಡಿಲವಾದ ಎಕ್ಸ್‌ಟೆನ್ಷನ್ ಬಾಕ್ಸು, ಸರಿಯಿಲ್ಲದ ಅರ್ಥಿಂಗ್ ಇವನ್ನೂ ಎಲೆಕ್ಟ್ರಿಷಿಯನ್ ಒಬ್ಬರಿಗೆ ತೋರಿಸಿಬಿಡುವುದು ಒಳ್ಳೆಯದು.

ರ್ಯಾಮ್ ಮತ್ತು ಡ್ರೈವರ್

ದೋಷದ ಪರದೆ ಬರುವುದಾದರೆ, ಅದರಲ್ಲೂ ಪ್ರತಿ ಸಲ ಬೇರೆ ಬೇರೆ ಸಂಕೇತ ಬರುವುದಾದರೆ, ರ್ಯಾಮ್ ಪರೀಕ್ಷಿಸಬೇಕು. ವಿಂಡೋಸಿನಲ್ಲೇ ಇರುವ 'ಮೆಮೊರಿ ಡಯಾಗ್ನಾಸ್ಟಿಕ್', ಇನ್ನೂ ಕಟ್ಟುನಿಟ್ಟಿನ 'ಮೆಮ್‌ಟೆಸ್ಟ್86' ಇವೆರಡೂ ಉಚಿತವಾಗಿ ದೊರೆಯುತ್ತವೆ. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಿಗ್ಗೆ ಫಲಿತಾಂಶ ಸಿದ್ಧ. ಎರಡು ರ್ಯಾಮ್ ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ಆಡಿ ನೋಡಬಹುದು. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಹೆಚ್ಚಿನ ವೇಗದ ಏರ್ಪಾಡನ್ನು ಹಾಕಿದ್ದರೆ ತಾತ್ಕಾಲಿಕವಾಗಿ ತೆಗೆಯಬೇಕು. ಗೆಳೆಯರ ಮಾತು ಕೇಳಿ ಪ್ರೊಸೆಸರನ್ನೋ ಕಾರ್ಡನ್ನೋ ಓವರ್‌ಕ್ಲಾಕ್ ಮಾಡಿದ್ದರೆ ಅದನ್ನೂ ಮೊದಲಿನ ಸ್ಥಿತಿಗೆ ತರಬೇಕು.

ಡ್ರೈವರಿನ ದೋಷ ಇನ್ನೊಂದು ತೆರ. ಗ್ರಾಫಿಕ್ಸ್ ಕಾರ್ಡ್ ಎರಡು ಸೆಕೆಂಡಿನವರೆಗೆ ಮಾತಾಡದಿದ್ದರೆ ವಿಂಡೋಸ್ ಅದನ್ನು ತಟ್ಟಿ ಎಬ್ಬಿಸಿ ಮತ್ತೆ ಶುರುಮಾಡುತ್ತದೆ. ಆ ಗಲಾಟೆಯಲ್ಲಿ ಆಟ ಮುಚ್ಚಿಕೊಳ್ಳುತ್ತದೆ. ಹಳೆಯ ಡ್ರೈವರನ್ನು ಪೂರ್ತಿ ತೆಗೆದು ಕಾರ್ಡು ತಯಾರಿಸಿದವರಿಂದಲೇ ಹೊಸದನ್ನು ತರಿಸಿ ಹಾಕುವುದು ಮದ್ದು. ಹೊಸ ಡ್ರೈವರ್ ಹಾಕಿದ ಮೇಲೆಯೇ ತೊಂದರೆ ಶುರುವಾಗಿದ್ದರೆ ಹಿಂದಿನದಕ್ಕೆ ಮರಳುವುದೂ ಮದ್ದೇ. ಇನ್ನು, ದುಡ್ಡು ಕೊಡದೆ ಎಲ್ಲಿಂದಲೋ ಇಳಿಸಿಕೊಂಡ ಕಳ್ಳ ಪ್ರತಿಯ ಆಟವಾಗಿದ್ದರೆ ಜೊತೆಗೆ ಬಂದ ಅತಿಥಿ ಯಾರೆಂದು ಹೇಳುವುದು ಕಷ್ಟ. ಕದ್ದುಮುಚ್ಚಿ ಬೇರೆಯವರಿಗಾಗಿ ಕ್ರಿಪ್ಟೊ ನಾಣ್ಯ ಗಣಿ ಅಗೆಯುವ ಕುತಂತ್ರಾಂಶಗಳು ಅಂಥ ಪ್ರತಿಗಳಲ್ಲಿ ಸಿಕ್ಕಿದ್ದುಂಟು. ಆಟ ಮುಚ್ಚಿದ ಮೇಲೂ ಅವು ಯಂತ್ರವನ್ನು ಕಾಯಿಸುತ್ತಲೇ ಇರುತ್ತವೆ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಪರದೆಯ ಮೇಲೆ ಬಂದ ಸಂದೇಶವನ್ನು ಓದಬೇಕು, ಆದರೆ ಅದನ್ನೇ ತೀರ್ಪೆಂದು ನಂಬಬಾರದು. ಇಂಟೆಲ್ ಕಂಪನಿ 2022 ಮತ್ತು 2023ರಲ್ಲಿ ಹೊರತಂದ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳ ಪ್ರಸಂಗ ಇದಕ್ಕೆ ಸಾಕ್ಷಿ. ಅವುಗಳಲ್ಲಿನ ಬಲಶಾಲಿ ಮಾದರಿಗಳನ್ನು ಕೊಂಡವರಿಗೆ ಕೆಲವು ಆಟಗಳಲ್ಲಿ "ವಿಡಿಯೋ ಮೆಮೊರಿ ಸಾಲದು" ಎಂಬ ಸಂದೇಶ ಬಂದು ಆಟ ಬೀಳುತ್ತಿತ್ತು. ಎಲ್ಲರ ಬೆರಳೂ ಗ್ರಾಫಿಕ್ಸ್ ಕಾರ್ಡಿನ ಕಡೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಕಾರ್ಡಿನ ಡ್ರೈವರ್ ಬದಲಾಯಿಸಿದ್ದೇ ಬದಲಾಯಿಸಿದ್ದು. ದೋಷ ಇದ್ದದ್ದು ಪ್ರೊಸೆಸರಿನಲ್ಲಿ. ಒತ್ತಿ ಕಟ್ಟಿದ ಆಟದ ಕಡತಗಳನ್ನು ಬಿಚ್ಚುವಾಗ ಅದು ಲೆಕ್ಕ ತಪ್ಪುತ್ತಿತ್ತು; ಆ ತಪ್ಪು ಕಾರ್ಡಿನ ತಪ್ಪಿನ ವೇಷದಲ್ಲಿ ಹೊರಬರುತ್ತಿತ್ತು. ಪ್ರೊಸೆಸರ್ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಪಡೆಯುತ್ತಿದೆಯೆಂದು ಇಂಟೆಲ್ 2024ರ ಜುಲೈಯಲ್ಲಿ ಒಪ್ಪಿಕೊಂಡಿತು. ಆಗಸ್ಟಿನಿಂದ ಬಯೋಸ್ ಮೂಲಕ ತಿದ್ದುಪಡಿ ಕೊಟ್ಟು, ಆ ಪ್ರೊಸೆಸರುಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆದರೆ ಅಷ್ಟರಲ್ಲಿ ಜಖಂ ಆಗಿದ್ದವನ್ನು ತಿದ್ದುಪಡಿ ಸರಿಮಾಡಲಾರದು, ಬದಲಾಯಿಸಿಕೊಳ್ಳಲೇಬೇಕು. ಈ ಸಾಲಿನ ಯಂತ್ರ ಮನೆಯಲ್ಲಿದ್ದವರು ಬಯೋಸ್ ಹೊಸದಾಗಿದೆಯೇ ಎಂದು ನೋಡಿ, ಬಿಲ್ಲನ್ನು ಜೋಪಾನವಾಗಿಟ್ಟುಕೊಳ್ಳುವುದು ಜಾಣತನ.

ಈ ಪ್ರಸಂಗದ ಪಾಠ ಒಂದೇ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಎರಡು ದಿನ ಆಡಿ ನೋಡಬೇಕು, ಫಲಿತಾಂಶ ಬರೆಯಬೇಕು, ಆಮೇಲೆ ಮುಂದಿನದು. ಒಂದೇ ಸಂಜೆ ಧೂಳು ತೆಗೆದು, ಡ್ರೈವರ್ ಬದಲಿಸಿ, ರ್ಯಾಮ್ ಕಿತ್ತು ಹಾಕಿದರೆ ಯಂತ್ರ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ವಿಜ್ಞಾನದ ಪ್ರಯೋಗ ಪುಸ್ತಕದಲ್ಲಿ ವಿದ್ಯಾರ್ಥಿಗಳು ಬರೆಯುವ ಕ್ರಮವೂ ಇದೇ ತಾನೇ?

ಇಷ್ಟೆಲ್ಲ ಆದ ಮೇಲೂ ತೊಂದರೆ ಉಳಿದರೆ, ಸುಟ್ಟ ವಾಸನೆ ಬಂದರೆ, ಮದರ್‌ಬೋರ್ಡಿನ ಕೆಪಾಸಿಟರುಗಳ ತಲೆ ಉಬ್ಬಿದ್ದರೆ, ಇಲ್ಲವೇ ಯಂತ್ರ ವಾರಂಟಿಯಲ್ಲಿದ್ದರೆ ತಡಮಾಡದೆ ತಿಳಿದವರ ಬಳಿ ಒಯ್ಯಬೇಕು. ಒಯ್ಯುವಾಗ ಆ ನೋಟ್‌ಬುಕ್ಕೂ ಜೊತೆಗಿರಲಿ. "ಆಗಾಗ ಆಫ್ ಆಗುತ್ತೆ" ಎನ್ನುವ ಗಿರಾಕಿಗಿಂತ "ಆಟ ಶುರುವಾಗಿ 25 ನಿಮಿಷಕ್ಕೆ, 97 ಡಿಗ್ರಿಯಲ್ಲಿ, ಯಾವ ಪರದೆಯೂ ಬಾರದೆ ಆರುತ್ತೆ" ಎನ್ನುವವರಿಗೆ ಅಂಗಡಿಯವರೂ ಬೇರೆಯೇ ರೀತಿಯಲ್ಲಿ ಉತ್ತರ ಕೊಡುತ್ತಾರೆ.

ಆ ಮನೆಯ ಕಥೆ

ಮೊದಲ ಮನೆಗೆ ಮರಳಿದರೆ, ಅಲ್ಲಿ ಅಕ್ಕನ ವರದಿ ಮೊದಲು ಪೆನ್ ಡ್ರೈವಿಗೆ ಹೋಗುತ್ತದೆ. ತಂದೆ ಸ್ಕ್ರೂಡ್ರೈವರ್ ಹಿಡಿದು ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚುತ್ತಾರೆ, ಮಗ ಟಾರ್ಚು ಹಿಡಿಯುತ್ತಾನೆ. ಹೀಟ್ ಸಿಂಕಿನ ರೆಕ್ಕೆಗಳ ನಡುವೆ ಬೂದುಬಣ್ಣದ ಧೂಳಿನ ಪದರ ಕಂಡಾಗ ಇಬ್ಬರೂ ಒಂದು ಕ್ಷಣ ಸುಮ್ಮನಾಗುತ್ತಾರೆ. ಶುಚಿಮಾಡಿ ಎರಡು ದಿನ ನೋಡಿ, ಆಮೇಲೆ ಇನ್ವರ್ಟರಿನ ಸ್ವಿಚ್ ಬದಲಾಯಿಸಿ ಮತ್ತೆ ಎರಡು ದಿನ ನೋಡುತ್ತಾರೆ. ನೋಟ್‌ಬುಕ್ಕಿನ ಮುಂದಿನ ಪುಟ ಖಾಲಿ ಉಳಿಯುತ್ತದೆ.

"ಮತ್ತೆ ಗೇಮು ಆಡ್ಬಹುದಾ ಅಪ್ಪ?"

"ಅಕ್ಕನ ರಿಪೋರ್ಟ್ ಮುಗೀಲಿ, ನಿನ್ನ ಪರೀಕ್ಷೆಯೂ ಮುಗೀಲಿ. ಆಮೇಲೆ ದಿನಕ್ಕೆ ಒಂದು ಗಂಟೆ."

ಹುಡುಗನಿಗೆ ಸಿಕ್ಕಿದ್ದು ಒಂದೇ ಗಂಟೆ. ಆದರೂ ಈ ಉತ್ತರ ಮೊದಲಿನದಕ್ಕಿಂತ ಬೇರೆ. ಎಷ್ಟು ಹೊತ್ತು ಆಡಬೇಕೆಂಬುದು ಓದು, ನಿದ್ದೆ, ಕಣ್ಣು ಇವುಗಳ ಮಾತು. ಅದನ್ನು ಮನೆಯ ಹಿರಿಯರು ತೀರ್ಮಾನಿಸುತ್ತಾರೆ. ಯಂತ್ರ ಏಕೆ ನಿಂತಿತು ಎಂಬುದು ಬೇರೆಯೇ ಪ್ರಶ್ನೆ. ಅದರ ಉತ್ತರ ಸಿಗುವುದು ಪುಟ ತುಂಬಿದ ಒಂದು ನೋಟ್‌ಬುಕ್ಕಿನಲ್ಲಿ. ಮಾಡದ ತಪ್ಪಿಗೆ ಬೈಸಿಕೊಂಡ ಹುಡುಗನಿಗೆ ಆ ಪುಟದ ಬೆಲೆ ಒಂದು ಗಂಟೆಯ ಆಟಕ್ಕಿಂತ ದೊಡ್ಡದು.